ಮಲಗಿರುವ ಎಚ್‌ಐವಿಯನ್ನು ಎಣಿಸುವ ಕೆಲಸ

ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ತಪ್ಪದೆ ನುಂಗುವವರ ವೈರಲ್ ಲೋಡ್ (ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂಬ) ರಿಪೋರ್ಟ್‌ನಲ್ಲಿ ಸಾಮಾನ್ಯವಾಗಿ ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’, ಅಂದರೆ ವೈರಸ್ ಸಿಗಲಿಲ್ಲ ಅಂತ ಬರುತ್ತದೆ. ಆದರೂ ವೈರಸ್ ಪೂರ್ತಿ ಹೋಗಿರುವುದಿಲ್ಲ. ಸುಮ್ನೆ ಮಲಗಿರುವ ಸಿಡಿ4 ಕಣಗಳ (ಒಂದು ಬಗೆಯ ಬಿಳಿ ರಕ್ತಕಣಗಳು) ಡಿಎನ್‌ಎ ಒಳಗೆ ಸೇರಿಕೊಂಡಿರುತ್ತದೆ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಎದ್ದು ಬರುತ್ತದೆ. ಲ್ಯಾಬ್‌ನಲ್ಲಿ ಅದನ್ನು ಎಣಿಸುವುದೇ ನನ್ನ ಕೆಲಸ.

ವೈರಸ್‌ನ ಡಿಎನ್‌ಎ ತುಣುಕನ್ನು ಹುಡುಕುವ ಮಾಮೂಲಿ ಪಿಸಿಆರ್ ಪರೀಕ್ಷೆ ಕೊಡುವ ಸಂಖ್ಯೆ ದೊಡ್ಡದು, ಆದರೆ ಅದರಲ್ಲಿ ಶೇ 90ಕ್ಕಿಂತ ಜಾಸ್ತಿ ಕೆಟ್ಟುಹೋದ ವೈರಸ್. ಅದು ಮತ್ತೆ ಹರಡಲಾರದು. ಹಾಗಾಗಿ ನಾನು ಹೆಚ್ಚು ಮಾಡಿರುವುದು ವೈರಸ್ಸನ್ನು ಎಬ್ಬಿಸಿ ನೋಡುವ ಕ್ಯುವಿಒಎ ಎಂಬ ಪರೀಕ್ಷೆ.

ಇದಕ್ಕೆ ಒಬ್ಬರಿಂದಲೇ ನೂರು ಎಂಎಲ್‌ಗಿಂತ ಜಾಸ್ತಿ ರಕ್ತ ಬೇಕು. ಅಷ್ಟು ಕೊಟ್ಟವರ ಋಣ ದೊಡ್ಡದು, ಒಂದು ಹನಿಯೂ ವ್ಯರ್ಥವಾಗಬಾರದು. ಮಲಗಿರುವ ಸಿಡಿ4 ಕಣಗಳನ್ನು ಬೇರ್ಪಡಿಸಿ, ಪ್ಲೇಟಿನ ಒಂದು ವೆಲ್‌ಗೆ (ಪುಟ್ಟ ಗುಳಿಗೆ) 10 ಲಕ್ಷ, ಮುಂದಿನದಕ್ಕೆ 2 ಲಕ್ಷ, ಆಮೇಲೆ 40 ಸಾವಿರ, ಹೀಗೆ ಇಳಿಸುತ್ತಾ ಹೋಗುತ್ತೇನೆ. ಕಣಗಳನ್ನು ಕೆರಳಿಸುವ ಪಿಎಚ್‌ಎ ಎಂಬ ಪದಾರ್ಥ ಹಾಕಿ ಎಬ್ಬಿಸುತ್ತೇನೆ. ಎದ್ದ ವೈರಸ್ ಹರಡಲಿ ಅಂತ ಎಚ್‌ಐವಿ ಇಲ್ಲದವರ ಕಣಗಳನ್ನೂ ಸೇರಿಸುತ್ತೇನೆ. ಎರಡು ಮೂರು ವಾರ ಕಳೆದ ಮೇಲೆ ಪಿ24 ಎಲೈಸಾ, ಅಂದರೆ ವೈರಸ್‌ನ ಪಿ24 ಪ್ರೋಟೀನನ್ನು ಬಣ್ಣದಿಂದ ತೋರಿಸುವ ಪರೀಕ್ಷೆ. ವೈರಸ್ ಬೆಳೆದ ವೆಲ್ ನೀಲಿಯಾಗುತ್ತದೆ, ಆಸಿಡ್ ಬಿದ್ದೊಡನೆ ಹಳದಿ. ಯಾವ ಯಾವ ವೆಲ್‌ನಲ್ಲಿ ಬೆಳೆಯಿತು ಅನ್ನುವುದರಿಂದ ಲೆಕ್ಕ. ಸಾಮಾನ್ಯವಾಗಿ 10 ಲಕ್ಷ ಕಣಕ್ಕೆ ಒಂದರ ಆಸುಪಾಸು.

ಈ ಲೆಕ್ಕವೂ ಕಡಿಮೆಯೇ. ಬಣ್ಣ ಬಾರದ ವೆಲ್‌ಗಳಲ್ಲೂ ಸರಿಯಿರುವ ವೈರಸ್ ಇರುತ್ತದೆ, ಒಂದು ಸಲ ಎಬ್ಬಿಸಿದರೆ ಎಲ್ಲವೂ ಏಳುವುದಿಲ್ಲ ಅಂತ ಜಾನ್ಸ್ ಹಾಪ್ಕಿನ್ಸ್‌ನ ಸಿಲಿಸಿಯಾನೊ ಲ್ಯಾಬ್ 2013ರಲ್ಲಿ ತೋರಿಸಿತು. ಅದೇ ಲ್ಯಾಬ್ 2019ರಲ್ಲಿ ಐಪಿಡಿಎ ಎಂಬ ಇನ್ನೊಂದು ಪರೀಕ್ಷೆ ತಂದಿತು. ಡಿಎನ್‌ಎಯನ್ನು ಸಾವಿರಾರು ಹನಿಗಳಾಗಿ ಹಂಚಿ, ವೈರಸ್‌ನ ಎರಡು ದೂರದ ಜಾಗಗಳನ್ನು ಒಟ್ಟಿಗೆ ಹುಡುಕುವ ವಿಧಾನ ಇದು. ಎರಡೂ ಒಂದೇ ಹನಿಯಲ್ಲಿ ಸಿಕ್ಕರೆ ವೈರಸ್ ಬಹುಶಃ ಪೂರ್ತಿ ಇದೆ ಅಂತ ಅರ್ಥ.

ಇಲ್ಲಿ ಕೈ ಮೃದುವಾಗಿರಬೇಕು. ಡಿಎನ್‌ಎ ದಾರ ಮಧ್ಯೆ ತುಂಡಾದರೆ ಒಳ್ಳೆಯ ವೈರಸ್ಸೂ ಕೆಟ್ಟದ್ದರ ಲೆಕ್ಕಕ್ಕೆ ಹೋಗುತ್ತದೆ. ನಾನು ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕುಲುಕುವುದಿಲ್ಲ. ಅಗಲ ಬಾಯಿಯ ಪಿಪೆಟ್ ಟಿಪ್‌ನಲ್ಲಿ ನಿಧಾನವಾಗಿ ಎಳೆಯುತ್ತೇನೆ. ಎಷ್ಟು ತುಂಡಾಗಿದೆ ಅಂತ ಪ್ರತಿ ಮಾದರಿಯಲ್ಲೂ ಮನುಷ್ಯನ ಆರ್‌ಪಿಪಿ30 ಜೀನ್‌ನಿಂದ ಅಳೆದು ಲೆಕ್ಕ ಸರಿಪಡಿಸುತ್ತೇನೆ.

ಮೊದಲ ಐಪಿಡಿಎ ಪ್ರೈಮರ್‌ಗಳು (ವೈರಸ್‌ನ ಡಿಎನ್‌ಎಗೆ ಅಂಟಿ ಅದನ್ನು ಹುಡುಕುವ ಚಿಕ್ಕ ಡಿಎನ್‌ಎ ತುಣುಕುಗಳು) ಅಮೆರಿಕ, ಯುರೋಪಿನಲ್ಲಿ ಜಾಸ್ತಿ ಇರುವ ‘ಸಬ್‌ಟೈಪ್ ಬಿ’ ಎಂಬ ಎಚ್‌ಐವಿ ಬಗೆಗೆಂದು ಮಾಡಿದವು. ನಮ್ಮಲ್ಲಿ ಹೆಚ್ಚಿನದು ಸಬ್‌ಟೈಪ್ ಸಿ. ಪ್ರೈಮರ್ ಕೂರದಿದ್ದರೆ ಇರುವ ವೈರಸ್ಸೂ ಕಾಣಿಸುವುದಿಲ್ಲ. ಭಾರತದ ಮಾದರಿ ಕೈಗೆ ಬಂದರೆ ಸಬ್‌ಟೈಪ್ ‘ಸಿ’ಗೆಂದೇ ಮಾಡಿದ ಪ್ರೈಮರ್ ಬಳಸಿ. ಆ ರೋಗಿಯ ವೈರಸ್‌ನಲ್ಲಿ ಅದು ಕೂರುವ ಜಾಗದ ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಸಾಲು) ನೋಡಿಕೊಂಡೇ ಮುಂದುವರಿಯಿರಿ.