ರಾಗಿ ಒಂದೇ, ಗಂಜಿಯ ಲೆಕ್ಕ ಬೇರೆ, ಮುದ್ದೆಯ ಲೆಕ್ಕ ಬೇರೆ

ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನನಗೆ 6.2 ಬಂತು. ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಹೇಗಿತ್ತು ಅಂತ ತೋರಿಸುವ ಪರೀಕ್ಷೆ ಇದು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದೇವೆ ಎಂದರ್ಥ. 6.5 ಮುಟ್ಟಿದರೆ ಮಧುಮೇಹ. ಡಾಕ್ಟರು ಮಾತ್ರೆ ಬರೆಯಲಿಲ್ಲ. "ಊಟ ಸರಿ ಮಾಡ್ಕೊಳ್ಳಿ, ದಿನಾ ನಡೀರಿ, ಆಮೇಲೆ ನೋಡೋಣ" ಎಂದರು.

ನಮ್ಮ ಮನೆಯಲ್ಲಿ ಅಡುಗೆ ನನ್ನದೇ. ಊಟ ಸರಿಮಾಡುವುದು ಅಂದರೆ ಏನು ಎಂದು ಕಂಡುಕೊಳ್ಳುವ ಕೆಲಸವೂ ನನ್ನದೇ ಆಯಿತು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಅನ್ನ ಬಿಡಿ, ರಾಗಿ ತಿನ್ನಿ. ನಾನು ಯಾವುದನ್ನೂ ಬಿಡದೆ ಮೊದಲು ಒಂದು ಗ್ಲುಕೋಮೀಟರ್, ಅಂದರೆ ಮನೆಯಲ್ಲೇ ರಕ್ತದ ಸಕ್ಕರೆ ಅಳೆಯುವ ಪುಟ್ಟ ಯಂತ್ರ, ತಂದೆ. ತಿನ್ನಲು ಶುರು ಮಾಡಿ ಒಂದು ಗಂಟೆಯಾದ ಮೇಲೆ ಒಮ್ಮೆ, ಎರಡು ಗಂಟೆಯಾದ ಮೇಲೆ ಒಮ್ಮೆ ಬೆರಳು ಚುಚ್ಚಿ ನೋಡುತ್ತಿದ್ದೆ. ಏನು ತಿಂದೆ, ಎಷ್ಟು ತಿಂದೆ, ಮೀಟರ್ ಎಷ್ಟು ತೋರಿಸಿತು, ಎಲ್ಲ ಬರೆದಿಟ್ಟೆ.

ನನ್ನ ಕಣ್ಣು ತೆರೆಸಿದ್ದು ರಾಗಿಯೇ. ಬೆಳಿಗ್ಗೆ ಬೆಲ್ಲ ಹಾಕಿದ ರಾಗಿ ಗಂಜಿ ಕುಡಿದ ದಿನ ಒಂದು ಗಂಟೆಯಾದ ಮೇಲೆ ಸಕ್ಕರೆ 180 ದಾಟುತ್ತಿತ್ತು. ಮಧ್ಯಾಹ್ನ ಸಣ್ಣ ಮುದ್ದೆ, ಬಸ್ಸಾರು, ಸೊಪ್ಪು ಕಾಳಿನ ಪಲ್ಯ ತಿಂದರೆ 145ರ ಆಸುಪಾಸು. ಎರಡಕ್ಕೂ ಒಂದೇ ಗಿರಣಿಯ ಹಿಟ್ಟು. ಅತ್ತೆ ನಂಬಲೇ ಇಲ್ಲ. "ರಾಗಿ ಅಲ್ವೇನಮ್ಮಾ, ಎಷ್ಟು ಕುಡಿದ್ರೂ ಏನಾಗುತ್ತೆ?" ಅಂದರು.

ಆಗುತ್ತೆ. 100 ಗ್ರಾಂ ರಾಗಿಯಲ್ಲಿ 65ರಿಂದ 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 78 ಗ್ರಾಂ. ವ್ಯತ್ಯಾಸ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ, ಸುಣ್ಣದ ಅಂಶದಲ್ಲಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಸಿಗುತ್ತದೆ, ಅಕ್ಕಿಯಲ್ಲಿ 10 ಕೂಡ ಇಲ್ಲ. ಅದಕ್ಕೇ ರಾಗಿ ನನಗೆ ಇವತ್ತಿಗೂ ಬೇಕು. ಆದರೆ ನುಣ್ಣಗೆ ಬೀಸಿ, ನೀರಲ್ಲಿ ಕುದಿಸಿ, ಬೆಲ್ಲ ಬೆರೆಸಿದರೆ ಹೊಟ್ಟೆಗೆ ಕೆಲಸವೇ ಉಳಿಯುವುದಿಲ್ಲ. ಪಿಷ್ಟ ಬೇಗ ಗ್ಲುಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಬೆಲ್ಲವೂ ಬಹುಪಾಲು ಸಕ್ಕರೆಯೇ ಅಲ್ವಾ? ಮುದ್ದೆಯ ಜೊತೆ ಕಾಳು, ಸೊಪ್ಪು, ಬೇಳೆ ಕಟ್ಟು ಹೋಗುತ್ತವೆ. ಅವುಗಳ ನಾರು ಮತ್ತು ಪ್ರೋಟೀನ್ ಈ ಕೆಲಸವನ್ನು ನಿಧಾನ ಮಾಡುತ್ತವೆ.

ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಿಟ್ಟಿನ, ಅಂದರೆ ಮಾಲ್ಟ್ ಹಿಟ್ಟಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಮೊಳಕೆ ಬರುವಾಗ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡಲು ಶುರು ಮಾಡುತ್ತವೆ. ಸುಲಭವಾಗಿ ಜೀರ್ಣವಾಗುತ್ತದೆ ಅಂತಲೇ ಅದನ್ನು ಮಕ್ಕಳಿಗೆ ಕೊಡುತ್ತೇವೆ. ನನ್ನಂಥವರಿಗೆ ಅದೇ ಗುಣ ತೊಂದರೆ. ನಾನು ಮಾಲ್ಟ್ ಕುಡಿಯುವುದನ್ನು ಪೂರ್ತಿ ನಿಲ್ಲಿಸಿದೆ.

ಅನ್ನದ ವಿಷಯದಲ್ಲಿ ಎರಡು ಬದಲಾವಣೆ ಮಾಡಿದೆ. ಪ್ರಮಾಣ ಅರ್ಧಕ್ಕಿಳಿಸಿ, ಆ ಜಾಗಕ್ಕೆ ಪಲ್ಯ, ಹುರುಳಿಕಾಳು, ಅವರೆಕಾಳು ತಂದೆ. ಜೊತೆಗೆ ತಿನ್ನುವ ಕ್ರಮ ಬದಲಿಸಿದೆ. ಮೊದಲು ಹೆಸರುಬೇಳೆ ಕೋಸಂಬರಿ, ಪಲ್ಯ, ಕಾಳು. ಅನ್ನ ಸಾರು ಆಮೇಲೆ. ಕೊನೆಗೆ ಮಜ್ಜಿಗೆ. ಇದು ಸುಮ್ನೆ ಹೇಳುವ ಮಾತಲ್ಲ. ತರಕಾರಿ, ಪ್ರೋಟೀನ್ ಮೊದಲು ತಿಂದು ಕಾರ್ಬೋಹೈಡ್ರೇಟ್ ಕೊನೆಗೆ ತಿಂದರೆ ಸಕ್ಕರೆಯ ಏರಿಕೆ ಕಡಿಮೆ ಎಂದು ಅಧ್ಯಯನಗಳೂ ತೋರಿಸಿವೆ. ನನ್ನ ಮೀಟರೂ ಅದನ್ನೇ ಹೇಳಿತು. ಅದೇ ಅನ್ನ, ಅದೇ ಸಾರು, ಕ್ರಮ ಮಾತ್ರ ಬೇರೆ, ಆದರೂ ಒಂದು ಗಂಟೆಯ ಅಂಕಿ ಕೆಳಗೆ ಬರುತ್ತಿತ್ತು.

ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂತ್ರಗಳು ಹೇಳುವುದೂ ಹತ್ತಿರ ಹತ್ತಿರ ಇದನ್ನೇ. ದಿನದ ಕ್ಯಾಲೊರಿಯಲ್ಲಿ ಅಕ್ಕಿ, ಗೋಧಿ, ಸಿರಿಧಾನ್ಯ ಎಲ್ಲ ಸೇರಿ ಶೇ 45 ದಾಟಬಾರದು. ಸಿರಿಧಾನ್ಯವೂ ಆ ಲೆಕ್ಕದೊಳಗೇ ಬರುತ್ತದೆ. ನವಣೆ ಬಿಸಿಬೇಳೆಬಾತ್ ಅಂತ ಎರಡು ತಟ್ಟೆ ತಿನ್ನುವವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ಕಷ್ಟವಾದದ್ದು ತಿಂಡಿ. ರವೆ ಉಪ್ಪಿಟ್ಟು, ಅವಲಕ್ಕಿ, ಇಡ್ಲಿ, ದೋಸೆ, ಅಕ್ಕಿ ರೊಟ್ಟಿ, ನಮ್ಮ ಬೆಳಗಿನ ತಿಂಡಿಯೆಲ್ಲ ಪಿಷ್ಟವೇ. ಹೆಸರುಕಾಳಿನ ದೋಸೆ ನನಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿತು. ಉಪ್ಪಿಟ್ಟಿಗೆ ರವೆಯಷ್ಟೇ ಬೀನ್ಸ್, ಕ್ಯಾರೆಟ್, ಹಸಿ ಬಟಾಣಿ ಹಾಕುತ್ತೇನೆ. ರೊಟ್ಟಿಗೆ ಸಬ್ಬಸಿಗೆ ಸೊಪ್ಪು ಕೈ ತುಂಬ. ಇಡ್ಲಿ ತಿಂದರೆ ಎರಡೇ, ಜೊತೆಗೆ ಬೇಳೆ ಜಾಸ್ತಿ ಹಾಕಿದ ಸಾಂಬಾರ್.

ಊಟವಾದ ಮೇಲೆ ಹದಿನೈದು ನಿಮಿಷ ನಡೆಯುವುದು ಇದರ ಜೊತೆಗೇ ಅಂಟಿಕೊಂಡಿತು. ಕಾಲಿನ ಸ್ನಾಯುಗಳು ಕೆಲಸ ಮಾಡುವಾಗ ರಕ್ತದಲ್ಲಿರುವ ಗ್ಲುಕೋಸನ್ನು ಎಳೆದುಕೊಳ್ಳುತ್ತವೆ. ನಡೆದ ದಿನಕ್ಕೂ ಕುಳಿತ ದಿನಕ್ಕೂ ಇರುವ ವ್ಯತ್ಯಾಸ ಮೀಟರಿನಲ್ಲಿ ನೇರ ಕಾಣುತ್ತದೆ.

ಅಂಕಿಗಿಂತ ಮೊದಲು ನನಗೆ ಗೊತ್ತಾದದ್ದು ಮಧ್ಯಾಹ್ನದ ತೂಕಡಿಕೆ ಹೋದದ್ದು. ಮೂರು ಗಂಟೆಗೆ ಕಣ್ಣು ಎಳೆಯುತ್ತಿತ್ತು, ನಾಲ್ಕಕ್ಕೆ ಬಿಸ್ಕತ್ತಿನ ಡಬ್ಬಿಗೆ ಕೈ ಹೋಗುತ್ತಿತ್ತು. ಕಾಳು, ಪಲ್ಯ ಹೆಚ್ಚಿದ ಮೇಲೆ ಆ ಹಸಿವು ತಾನಾಗಿ ಇಳಿಯಿತು. ಮುಂದಿನ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 5.8 ಬಂತು. ಹೊಸ್ತಿಲು ಇನ್ನೂ ದಾಟಿ ಈಚೆ ಬಂದಿಲ್ಲ, ಆದರೂ ನನಗೆ ತುಂಬ ಸಂತೋಷವಾಯಿತು.

ನನಗೆ ಹಿಡಿಸಿದ್ದು ಮನೆಯವರಿಗೆಲ್ಲ ಹಾಗೇ ಹಿಡಿಸಬೇಕಿಲ್ಲ. ಮಾವನವರಿಗೆ ಬಹಳ ವರ್ಷಗಳಿಂದ ಮಧುಮೇಹ, ಮಾತ್ರೆ ಇದೆ, ಇನ್ಸುಲಿನ್ನೂ ಇದೆ. ಔಷಧಿ ಅಷ್ಟೇ ಇಟ್ಟುಕೊಂಡು ಅನ್ನ, ಮುದ್ದೆ ಒಮ್ಮೆಲೇ ಕಡಿಮೆ ಮಾಡಿದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಅದಕ್ಕೇ ಅವರ ತಟ್ಟೆ ಬದಲಿಸುವ ಮೊದಲು ಡಾಕ್ಟರ ಹತ್ತಿರ ಹೋಗಿ ಇನ್ಸುಲಿನ್ ಎಷ್ಟಿರಬೇಕು ಅಂತ ಕೇಳಿಕೊಂಡು ಬಂದೆವು.