ತಲೆಯಲ್ಲಿ ಸಿಕ್ಕಿಕೊಂಡ ಹಾಡು: ನನ್ನ ಅನುಭವ

ಕೊಪ್ಪಳದಲ್ಲಿ ಗವಿಮಠದ ಜಾತ್ರೆ ಮುಗಿದರೂ ಮೈಕಿನ ಹಾಡು ತಲೆಯಿಂದ ಇಳಿಯುವುದಿಲ್ಲ. ಸುತ್ತುವುದು ಇಡೀ ಹಾಡಲ್ಲ, ಪಲ್ಲವಿಯ ಎರಡು ಸಾಲು. ಮುಂದಿನದು ನೆನಪಾಗದೆ ಮತ್ತೆ ಮೊದಲಿಗೇ ಬರುತ್ತದೆ. ಅದಕ್ಕೆ ಮೊಬೈಲಿನಲ್ಲಿ ಹುಡುಕಿ, ಚರಣ ಸಮೇತ ಕೊನೆಯವರೆಗೆ ಒಮ್ಮೆ ಕೇಳಿ. ಒಮ್ಮೆ ಮಾತ್ರ, ಹಿಂದೆಯೇ ಮತ್ತೆ ಹಾಕಿದರೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ.

ಆಗಲೂ ಹೋಗದಿದ್ದರೆ ಚ್ಯೂಯಿಂಗ್ ಗಮ್ ಅಗಿಯಿರಿ. ಮನಸ್ಸಿನಲ್ಲಿ ಗುನುಗುವಾಗ ಮೆದುಳು ಮಾತಾಡಲು ಬೇಕಾದ ವ್ಯವಸ್ಥೆಯನ್ನೇ ಬಳಸುತ್ತದೆ. ದವಡೆ ಕೆಲಸದಲ್ಲಿದ್ದರೆ ಗುನುಗುವುದು ಕಷ್ಟ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಗಮ್ ಅಗಿದವರಿಗೆ ಹಾಡು ಕಡಿಮೆ ಕಾಡಿತ್ತು. (ಗುಟ್ಕಾಕ್ಕೆ ಇದನ್ನು ನೆಪ ಮಾಡಿಕೊಳ್ಳಬೇಡಿ.)

ಮೂರನೆಯದು ಪದಬಂಧ ಅಥವಾ ಸುಡೊಕು. ತೀರಾ ಸುಲಭದ್ದಾದರೆ ಮನಸ್ಸಿನಲ್ಲಿ ಜಾಗ ಉಳಿದು ಹಾಡು ನುಗ್ಗುತ್ತದೆ. ತೀರಾ ಕಠಿಣವಾದರೆ ಬೇಸತ್ತು ಗಮನ ಜಾರಿ ಅಲ್ಲಿಗೇ ಮರಳುತ್ತದೆ. ಮಧ್ಯಮ ಮಟ್ಟದ್ದೇ ಸರಿ. ಪಾತ್ರೆ ತಿಕ್ಕುವುದು, ಬಟ್ಟೆ ಮಡಚುವುದು ಇದಕ್ಕೆ ಸಾಲದು, ಅವು ಹಾಡಿಗೆ ತಾಳ ಹಾಕುತ್ತವೆ ಅಷ್ಟೇ. "ನೆನೆಯಬಾರದು" ಎಂದು ಹಟ ಹಿಡಿಯುವುದಂತೂ ಬೇಡವೇ ಬೇಡ.

ಹಾಡು ಹೊರಗಿನಿಂದ ಕಿವಿಗೆ ಕೇಳಿಸಿದಂತಾದರೆ, ಸುತ್ತ ಯಾರಿಗೂ ಕೇಳದಿದ್ದರೆ, ಅದು ಬೇರೆ ವಿಷಯ. ಡಾಕ್ಟರಿಗೆ ತೋರಿಸಿ.