ಯಜಮಾನರು ತೀರಿಕೊಂಡ ಮೇಲೆ ಫ್ಲ್ಯಾಟ್ ಯಾರ ಹೆಸರಿಗೆ? ಮಾಡಿಸಿಕೊಳ್ಳುವುದು ಹೇಗೆ?

ಬಿಡಿಎ, ಗೃಹಮಂಡಳಿ ಅಥವಾ ಆವಾಸ್ ಯೋಜನೆಯಲ್ಲಿ ಸಿಕ್ಕ ಫ್ಲ್ಯಾಟಿನ ಯಜಮಾನರು ತೀರಿಕೊಂಡರೆ, ‘ನಾಮಿನಿ ನಾನೇ, ಮನೆ ನನ್ನದೇ’ ಅನ್ನುವವರು ಒಬ್ಬರಾದರೂ ಇರುತ್ತಾರೆ. ಅದು ಸರಿಯಲ್ಲ. ಪಶ್ಚಿಮ ಬಂಗಾಳದ ಸಹಕಾರ ಸಂಘವೊಂದರ ಫ್ಲ್ಯಾಟಿನ ವಿಚಾರದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಸಂಘ ನಾಮಿನಿಯ ಹೆಸರಿಗೆ ದಾಖಲೆ ಮಾಡಿಕೊಡಬೇಕು, ಆದರೆ ಉಳಿದ ವಾರಸುದಾರರು ತಮ್ಮ ಹಕ್ಕು ಕೇಳಬಹುದು.

ಮೊದಲು ಮರಣ ಪ್ರಮಾಣಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಿ. ಉಯಿಲು ಇದೆಯಾ ಅಂತಲೂ ಬೀರು ಹುಡುಕಿ.

ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ. ಎಡವಟ್ಟಾಗುವುದು ಇಲ್ಲೇ ಜಾಸ್ತಿ. ‘ಅವಳು ಮದುವೆ ಆಗಿ ಹೋದಳಲ್ಲ’ ಎಂದು ಮಗಳ ಹೆಸರು ಬಿಟ್ಟು ಅಫಿಡವಿಟ್ ಮಾಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಸುಳ್ಳು ಪ್ರಮಾಣ, ಮುಂದೆ ಮನೆ ಮಾರುವಾಗ ಅಡ್ಡ ಬಂದೇ ಬರುತ್ತದೆ. ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡಸಿನ ಸ್ವಂತ ಆಸ್ತಿಯಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮದುವೆ ಆಗಿದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಆವಾಸ್ ಮನೆಗಳು ಎಷ್ಟೋ ಕಡೆ ಹೆಂಗಸರ ಹೆಸರಲ್ಲೇ ಇರುತ್ತವೆ ಅಲ್ವಾ, ಆಕೆ ತೀರಿಕೊಂಡರೆ ಗಂಡನಿಗೂ ಮಕ್ಕಳಿಗೂ ಸಮಪಾಲು. ಮುಸ್ಲಿಮರಿಗೆ, ಕ್ರೈಸ್ತರಿಗೆ ಅವರವರ ಕಾನೂನು.

ಹೆಸರಿನ ಅಕ್ಷರಗಳನ್ನೂ ಹೋಲಿಸಿ ನೋಡಿ. ಹಂಚಿಕೆ ಪತ್ರದಲ್ಲಿ ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮೀದೇವಮ್ಮ’ ಅಂತಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮೊದಲೇ ಮಾಡಿಸಿಟ್ಟುಕೊಳ್ಳಿ.

ಈಗ ಕ್ರಯಪತ್ರ ಆಗಿದೆಯಾ ನೋಡಿ. ಆಗಿರದಿದ್ದರೆ ಹಂಚಿಕೆ ಮಾಡಿದ ಸಂಸ್ಥೆಗೇ ಅರ್ಜಿ. ಆಗಿದ್ದರೆ ಪಾಲಿಕೆಯಲ್ಲಿ ಖಾತೆ ಬದಲಾವಣೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮೂಲ ದಾಖಲೆ, ತೆರಿಗೆ ರಸೀದಿ ಜೊತೆಗಿರಲಿ. ಕೊಟ್ಟ ಅರ್ಜಿಗೆ ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ.

ಮಕ್ಕಳೆಲ್ಲ ಒಪ್ಪಿ ಮನೆ ಅಮ್ಮನ ಹೆಸರಲ್ಲಿರಲಿ ಅಂದರೆ ಒಳ್ಳೆಯದೇ. ಆದರೆ ಬಾಯಿಮಾತು ಸಾಲದು, ಸುಮ್ನೆ ಛಾಪಾ ಕಾಗದದ ಮೇಲೆ ಸಹಿ ಹಾಕಿದರೂ ಸಾಲದು. ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ತಂಗಿಯ ಸಹಿ ಹಾಕಿಸಿಕೊಳ್ಳುವ ಮುಂಚೆ ಆ ಪತ್ರವನ್ನು ಅವಳಿಗೆ ಪೂರ್ತಿ ಓದಿ ಹೇಳಿ, ಅವಳ ಪಾಲಿನ ಬೆಲೆ ಎಷ್ಟೆಂದು ತಿಳಿಸಿ. ವಾರಸುದಾರರಲ್ಲಿ ಹದಿನೆಂಟು ತುಂಬದ ಮಗು ಇದ್ದರೆ, ಅದರ ಪಾಲನ್ನು ಕೋರ್ಟಿನ ಅನುಮತಿ ಇಲ್ಲದೆ ತಾಯಿಯೂ ಬಿಟ್ಟುಕೊಡುವಂತಿಲ್ಲ.

ಫ್ಲ್ಯಾಟಿನ ಮೇಲೆ ಸಾಲ ಉಳಿದಿದ್ದರೆ ಬ್ಯಾಂಕಿಗೆ ಬೇಗ ತಿಳಿಸಿ. ಸಾಲದ ಜೊತೆ ವಿಮೆ ಮಾಡಿಸಿದ್ದರಾ ಅಂತ ಅಲ್ಲೇ ಕೇಳಿ.